ಹಳೇ ಬೀದಿಯಲ್ಲಿ ಮೂರು ಕೊಲೆ: ನಗಿಸುವ ಪತ್ತೇದಾರಿ ಕಾದಂಬರಿಗೆ ಕೊಲೆಗಾರ ಯಾರಾಗಬೇಕು?

ಹಂಚಿನಮನೆ:
ಎಲ್ಲರಿಗೂ ನಮಸ್ಕಾರ. ಒಂದು ಪತ್ತೇದಾರಿ ಕಾದಂಬರಿ ಬರೆಯುತ್ತಿದ್ದೇನೆ, ಅರ್ಧಕ್ಕೆ ಬಂದು ನಿಂತಿದೆ. ಜಾಗ ಚಿಕ್ಕಮಗಳೂರು, ಕೋಟೆ ಕಡೆಯ ಒಂದು ಹಳೇ ಬೀದಿ. ಬೀದಿಯ ಹೆಸರು ಕಲ್ಪನೆಯದು, ಆದರೆ ಊರಿನವರು ಓದಿದರೆ ಗುರುತು ಹಿಡಿಯುತ್ತಾರೆ. ಹಂಚಿನ ಮನೆಗಳು, ಜಗಲಿ, ಒಂದು ಹಿಟ್ಟಿನ ಗಿರಣಿ, ಒಬ್ಬ ಟೈಲರ್, ಹಪ್ಪಳ ಮಾಡಿ ಮಾರುವ ಒಬ್ಬ ಅಜ್ಜಿ. ಈಗ ಅದೇ ಬೀದಿಯಲ್ಲಿ ಕೆಫೆ ಬಂದಿದೆ, ಹೋಮ್‌ಸ್ಟೇ ಬಂದಿದೆ, ಗೋಡೆಗೆ ಹಳೇ ಒನಕೆ, ಸೇರು, ಪಾವು ಎಲ್ಲ ತೂಗುಹಾಕಿದ್ದಾರೆ. ಶನಿವಾರ ಬಂತೆಂದರೆ ಬೆಂಗಳೂರಿನ ಕಾರುಗಳು ಜಗಲಿಗೆ ಒತ್ತಿಕೊಂಡು ನಿಲ್ಲುತ್ತವೆ, ಮನೆಯವರಿಗೆ ಹೊರಗೆ ಬರಲು ದಾರಿ ಇರುವುದಿಲ್ಲ.

ಕಥೆಯಲ್ಲಿ ಮೂರು ಸಾವು. ಮೊದಲು ಗಿರಣಿ ಯಜಮಾನ, ಆಮೇಲೆ ದೊಡ್ಡ ಮನೆಯ ನಿವೃತ್ತ ಹೆಡ್ ಮೇಷ್ಟ್ರು, ಕೊನೆಗೆ ಬ್ರೋಕರ್. ಪತ್ತೆ ಮಾಡುವವಳು ಮನೆ ಮನೆಗೆ ಬಂದು ಕರೆಂಟ್ ಮೀಟರ್ ಓದುವ ಹೆಂಗಸು. ಕೊಲೆಗಾರ ಕೆಫೆ ಮಾಲೀಕ, ಬೀದಿಯ ಮನೆಗಳನ್ನೆಲ್ಲ ಕೊಂಡು ಒಂದೇ ರೆಸಾರ್ಟ್ ಮಾಡಲು ಹೊರಟವನು. ಓದಿದ ಗೆಳತಿ "ಎರಡನೇ ಅಧ್ಯಾಯದಲ್ಲೇ ಗೊತ್ತಾಯ್ತು" ಅಂದಳು.

ಹಾಗಾಗಿ ಕೇಳುತ್ತಿದ್ದೇನೆ. ಯಾರು ಕೊಲೆಗಾರ ಆದರೆ ಈ ಬೀದಿಯ ನಿಜ ಹೊರಗೆ ಬರುತ್ತದೆ? ಜನ ಮನೆ ಬಿಟ್ಟು ಹೋಗುವ ಕಥೆಯಲ್ಲಿ ಎಷ್ಟು ನಗಬಹುದು? ಪೊಲೀಸ್ ವಿಚಾರ, ಆಸ್ತಿ ಕಾಗದ ಗೊತ್ತಿರುವವರು ದಯವಿಟ್ಟು ಹೇಳಿ.

ಪತ್ತೇದಾರಿ ಪ್ರಿಯ:
ಎರಡನೇ ಅಧ್ಯಾಯ ಯಾಕೆ, ಮುಖಪುಟ ನೋಡಿದರೇ ಗೊತ್ತಾಗುತ್ತದೆ. ಹೊರಗಿನಿಂದ ಬಂದ ದುಡ್ಡಿನವನು ಕೊಲೆಗಾರ ಅಂದರೆ ಓದುಗನಿಗೆ ಕೆಲಸವೇ ಇಲ್ಲ. ಬದಲಾಯಿಸಿ.

ಬೇಲೂರು ರಸ್ತೆ:
ಯಾಕೆ ಬದಲಾಯಿಸಬೇಕು? ನಿಜ ಅದೇ ಅಲ್ವಾ? ನಮ್ಮ ಬೀದಿಯಲ್ಲಿ ಒಂದು ಮನೆಗೆ ಬಂದ ರೇಟು ಕೇಳಿ ಪಕ್ಕದ ನಾಲ್ಕು ಮನೆಯವರಿಗೆ ನಿದ್ದೆ ಹೋಯಿತು. ಆ ದುಡ್ಡು ಹೊರಗಿನದೇ. ತಿಂಗಳ ಸಂಬಳದಲ್ಲಿ ಬದುಕುವ ಊರಿನವರು ಆ ರೇಟಿಗೆ ಒಂದು ಕೋಣೆಯನ್ನೂ ಕೊಳ್ಳಲಾರರು. ಓದುಗನಿಗೆ ಮೊದಲೇ ಗೊತ್ತಾಗುತ್ತದೆ ಅಂತ ನಿಜವನ್ನು ತಿರುಚಬೇಡಿ.

ಗಿರಣಿ ಪಕ್ಕದವಳು:
ಬೇಲೂರು ರಸ್ತೆಯವರೇ, ಕೊಂಡವರು ಹೊರಗಿನವರು, ಒಪ್ಪಿದೆ. ಮಾರಿದವರು ಯಾರು? ನಾವೇ. ನಮ್ಮ ಮನೆಯಲ್ಲೇ ನೋಡಿ. ಅಜ್ಜ ಕಟ್ಟಿದ ಮನೆ. ದೊಡ್ಡಪ್ಪನ ಮಗ ಬೆಂಗಳೂರಿನಲ್ಲಿ ಫ್ಲ್ಯಾಟ್ ತಗೋಬೇಕು, ಚಿಕ್ಕಪ್ಪನಿಗೆ ಸಾಲ, ಅತ್ತೆಗೆ ಭಾಗ ಬೇಕು. ಯಾರೂ ಕೆಟ್ಟವರಲ್ಲ. ಎಲ್ಲರಿಗೂ ಕಾರಣ ಇತ್ತು. ಹಬ್ಬಕ್ಕೆ ಸೇರಿದಾಗ ಊಟದ ಎಲೆ ತೆಗೆಯುವ ಮೊದಲೇ ಮಾತು ಮುಗಿದಿತ್ತು, ಅಮ್ಮ ಒಬ್ಬಳೇ ಒಳಗೆ ಪಾತ್ರೆ ಸದ್ದು ಜೋರಾಗಿ ಮಾಡುತ್ತಿದ್ದಳು. ಆ ಮನೆ ಕೊಂಡವರು ಪಾಪ ತುಂಬಾ ಮರ್ಯಾದೆಯ ಜನ, ಇವತ್ತಿಗೂ ಅಮ್ಮ ಹೋದರೆ ಕೂರಿಸಿ ಕಾಫಿ ಕೊಡುತ್ತಾರೆ. ದುಡ್ಡು ತಗೊಳ್ಳುವುದಿಲ್ಲ.

ಹಾಗಾಗಿ ಕೆಫೆಯವನ ತಲೆಗೆ ಎಲ್ಲ ಕಟ್ಟಿದರೆ ನಮ್ಮ ಪಾಲು ತಪ್ಪಿಸಿಕೊಂಡಂತೆ. ಕೊಲೆಗಾರ ಬೀದಿಯ ಒಳಗಿನವರೇ ಆಗಬೇಕು.

ಕಾಫಿಕಣ:
ನಾನು ಹಳೇ ಮನೆಯಲ್ಲಿ ಸಣ್ಣ ಕೆಫೆ ನಡೆಸುತ್ತೇನೆ, ಮೂಡಿಗೆರೆ ಕಡೆಯವನು. ಈ ಚರ್ಚೆ ಓದಿ ಹೇಳಬೇಕು ಅನ್ನಿಸಿತು. ನಮ್ಮನ್ನೆಲ್ಲ ಬೆಂಗಳೂರಿನವರು ಅಂದುಕೊಳ್ಳಬೇಡಿ. 2024ರಲ್ಲಿ ಕಾಫಿ ರೇಟು ಏರಿತಲ್ಲ, ಆ ದುಡ್ಡು ಎಲ್ಲಿ ಹೋಯಿತು ಅಂತ ಯೋಚಿಸಿದ್ದೀರಾ? ತೋಟದವರೂ ಪೇಟೆಯಲ್ಲಿ ಮನೆ ಕೊಂಡರು. ನಮ್ಮ ಕಡೆಯ ದುಡ್ಡೇ ನಮ್ಮ ಪೇಟೆಯ ರೇಟು ಏರಿಸಿತು. ಇನ್ನು ಹಂಚಿನ ಮನೆ ಉಳಿಸುವುದು ಸುಲಭ ಅಲ್ಲ. ಮಳೆಗಾಲಕ್ಕೆ ಮುಂಚೆ ಪ್ರತಿ ವರ್ಷ ಹಂಚು ಕೈಯಾಡಿಸಬೇಕು, ಆ ಕೆಲಸ ಗೊತ್ತಿರುವವರು ಸಿಗುವುದಿಲ್ಲ. ನಾನು ಕೊಳ್ಳದಿದ್ದರೆ ಆ ಮನೆ ಕೆಡವಿ ಮೂರು ಮಹಡಿ ಎಬ್ಬಿಸುತ್ತಿದ್ದರು.

ಬೇಲೂರು ರಸ್ತೆ:
@ಕಾಫಿಕಣ ಮನೆ ಉಳಿಯಿತು, ಸಂತೋಷ. ಅದರಲ್ಲಿದ್ದ ಬಾಡಿಗೆಯವರು?

ಕಾಫಿಕಣ:
ಅವರಿಗೆ ಸಮಯ ಕೊಟ್ಟಿದ್ದೆ. ಬೇರೆ ಮನೆ ಹುಡುಕಿಯೂ ಕೊಟ್ಟೆ.

ಬೇಲೂರು ರಸ್ತೆ:
ಎಲ್ಲಿ? ಪೇಟೆಯಲ್ಲೋ, ಹೊರಗಿನ ಹೊಸ ಬಡಾವಣೆಯಲ್ಲೋ?

ವಕೀಲರ ಮೇಜು:
ಜಗಳ ಆಮೇಲೆ ಆಡಿ. ಮೊದಲು ಕಥೆಯ ದೊಡ್ಡ ತೊಂದರೆ ಹೇಳುತ್ತೇನೆ. ಕೆಫೆಯವನು ಮನೆ ಕೊಳ್ಳಲು ಮಾಲೀಕರನ್ನೇ ಕೊಲ್ಲುತ್ತಾನೆ ಅಂದಿರಿ. ಕೋರ್ಟು ಕಚೇರಿ ನೋಡಿದ ಯಾರೂ ಇದನ್ನು ನಂಬುವುದಿಲ್ಲ. ಬದುಕಿರುವ ಹೆಡ್ ಮೇಷ್ಟ್ರು ಸ್ವಂತ ದುಡ್ಡಲ್ಲಿ ಕೊಂಡ ಮನೆ ಮಾರಲು ಒಬ್ಬರ ಸಹಿ ಸಾಕು. ಉಯಿಲು ಬರೆಯದೆ ಸತ್ತರೆ? ಹೆಂಡತಿ, ಗಂಡುಮಕ್ಕಳು, ಹೆಣ್ಣುಮಕ್ಕಳು, ತಾಯಿ ಬದುಕಿದ್ದರೆ ತಾಯಿ, ಎಲ್ಲರೂ ಸಮಾನ ವಾರಸುದಾರರು. ಒಬ್ಬ ಮಗ ಮೊದಲೇ ತೀರಿಕೊಂಡಿದ್ದರೆ ಅವನ ಹೆಂಡತಿ ಮಕ್ಕಳೂ ಬರುತ್ತಾರೆ. ಒಬ್ಬಳು ಮಗಳು ಅಮೆರಿಕದಲ್ಲಿದ್ದು ಸಹಿ ಹಾಕಲ್ಲ ಅಂದರೆ ಮುಗಿಯಿತು, ವಿಭಾಗದ ದಾವೆ, ವರ್ಷಗಟ್ಟಲೆ.

ಮನೆ ಪಿತ್ರಾರ್ಜಿತ ಆಗಿದ್ದರೆ ಇನ್ನೂ ಗೋಜಲು. ಹಿಂದೂ ಉತ್ತರಾಧಿಕಾರ ಕಾಯ್ದೆಯ 2005ರ ತಿದ್ದುಪಡಿಯಿಂದ ಹೆಣ್ಣುಮಕ್ಕಳಿಗೂ ಹುಟ್ಟಿನಿಂದಲೇ ಹಕ್ಕು ಇದೆ. ಆ ತಿದ್ದುಪಡಿ ಬಂದಾಗ ತಂದೆ ಬದುಕಿರಲೇಬೇಕು ಅಂತಿಲ್ಲ ಎಂದು ಸುಪ್ರೀಂ ಕೋರ್ಟ್ 2020ರಲ್ಲಿ ಹೇಳಿದೆ. ಕರ್ನಾಟಕದಲ್ಲಿ 1994ರಲ್ಲೇ ಒಂದು ತಿದ್ದುಪಡಿ ಬಂದಿತ್ತು, ಆದರೆ ಅದು ಆಗ ಮದುವೆಯಾಗದ ಹೆಣ್ಣುಮಕ್ಕಳಿಗೆ ಮಾತ್ರ.

ಇನ್ನೊಂದು. ವಾರಸುದಾರನೇ ಕೊಲೆ ಮಾಡಿದರೆ ಅವನಿಗೆ ಆ ಆಸ್ತಿ ಸಿಗುವುದಿಲ್ಲ. ಅದೇ ಕಾಯ್ದೆ, ಸೆಕ್ಷನ್ 25. ಹಾಗಾಗಿ ಆಸ್ತಿಗೆ ಮಗ ಕೊಂದ ಅಂತ ಬರೆಯುವಾಗಲೂ ಹುಷಾರು.

ಪತ್ತೇದಾರಿ ಪ್ರಿಯ:
ವಕೀಲರೇ, ನೀವು ಕಥೆಯನ್ನೇ ಬಿಡಿಸಿಬಿಟ್ಟಿರಿ! ಸಾವು ಆದರೆ ಮಾರಾಟ ನಿಲ್ಲುತ್ತದೆ ತಾನೇ? ಹಾಗಾದರೆ ಕೊಲೆಗಾರನಿಗೆ ಮನೆ ಬೇಕಾಗಿಯೇ ಇಲ್ಲ. ಮಾರಾಟ ನಿಲ್ಲಬೇಕು, ಅಷ್ಟೆ. ಒಬ್ಬೊಬ್ಬ ಮಾಲೀಕ ಸತ್ತಾಗಲೂ ಒಂದೊಂದು ಮನೆ ಕೋರ್ಟಿಗೆ ಹೋಗಿ ಕೂರುತ್ತದೆ. ಬೀದಿ ಹಾಗೇ ಉಳಿಯುತ್ತದೆ. ಪೊಲೀಸರು "ಇದರಿಂದ ಯಾರಿಗೆ ಲಾಭ" ಅಂತ ಕೊಳ್ಳುವವರ ಹಿಂದೆ ಓಡುತ್ತಿರುತ್ತಾರೆ. ಲಾಭ ಆದವರು ಯಾರೂ ಕಾಣುವುದಿಲ್ಲ.

ಹಂಚಿನಮನೆ:
ಮೈ ಜುಂ ಅಂದಿತು ಓದಿ. ಬೀದಿಯನ್ನು ಎಲ್ಲರಿಗಿಂತ ಜಾಸ್ತಿ ಪ್ರೀತಿಸುವವರೇ ಕೊಲೆಗಾರರು! ಇದು ನನಗೆ ಬೇಕಿದ್ದದ್ದು. ವಕೀಲರೇ, ಇದರಲ್ಲಿ ತೂತು ಇದೆಯಾ?

ವಕೀಲರ ಮೇಜು:
ಇದೆ. ಮಾರಾಟದ ಕರಾರು ಬರೆದು ಮುಂಗಡ ತಗೊಂಡಿದ್ದರೆ, ಮಾಲೀಕ ಸತ್ತರೂ ಆ ಕರಾರು ವಾರಸುದಾರರನ್ನು ಕಟ್ಟುತ್ತದೆ. ಕೊಳ್ಳುವವನು ಕೋರ್ಟಿಗೆ ಹೋಗಿ ಕ್ರಯಪತ್ರ ಮಾಡಿಸಿಕೊಳ್ಳಬಹುದು. ಹಾಗಾಗಿ ಸಾವು ಕರಾರಿಗೆ ಮುಂಚೆ ಆಗಬೇಕು. ಬಾಯಿಮಾತು ಆಗಿದೆ, ಕಾಗದ ಆಗಿಲ್ಲ, ಆ ಸಣ್ಣ ಅಂತರದಲ್ಲಿ. ಜಿಪಿಎ, ಅಂದರೆ ತಮ್ಮ ಪರವಾಗಿ ವ್ಯವಹರಿಸಲು ಅಧಿಕಾರಪತ್ರ, ಕೊಟ್ಟಿದ್ದರೆ ಸಾಮಾನ್ಯವಾಗಿ ಕೊಟ್ಟವರು ಸತ್ತ ಕೂಡಲೇ ಅದು ಮುಗಿಯಿತು. ಜಿಪಿಎ ಮೇಲಿನ ಮಾರಾಟದಿಂದ ಹಕ್ಕು ಬರುವುದಿಲ್ಲ ಅಂತ 2011ರಲ್ಲೇ ಸುಪ್ರೀಂ ಕೋರ್ಟ್ ಹೇಳಿದೆ, ಆದರೂ ಜನ ಮಾಡುತ್ತಾರೆ. ನಿಮ್ಮ ಬ್ರೋಕರ್ ಜೇಬಲ್ಲಿ ಅಂಥ ಒಂದು ಜಿಪಿಎ ಇಡಿ.

ಮುಖ್ಯ ಪ್ರಶ್ನೆ: ಯಾರು ಉಯಿಲು ಬರೆದಿದ್ದಾರೆ, ಯಾರು ಬರೆದಿಲ್ಲ ಅಂತ ಕೊಲೆಗಾರನಿಗೆ ಹೇಗೆ ಗೊತ್ತು? ಉಯಿಲು ಇದ್ದರೆ ವಾರಸುದಾರರ ಗದ್ದಲ ಕಡಿಮೆ.

ಸಕಲೇಶಪುರದವಳು:
ಸಬ್ ರಿಜಿಸ್ಟ್ರಾರ್ ಕಚೇರಿ ಹತ್ತಿರ ಕೂರುವ ಪತ್ರ ಬರೆಯುವವರು! ಊರಿನ ಎಲ್ಲ ಮನೆಯ ಗುಟ್ಟು ಅವರ ಹತ್ತಿರ ಇರುತ್ತದೆ. ಆಸ್ತಿ ನೋಂದಣಿಗೆ ಕಾವೇರಿ ತಂತ್ರಾಂಶ ಬಂದು ಎಲ್ಲ ಆನ್‌ಲೈನ್ ಆದ ಮೇಲೆ ಅವರ ಕೆಲಸವೂ ಕಡಿಮೆ ಆಗಿದೆ.

ವಕೀಲರ ಮೇಜು:
ಮಾರಾಟ ಆದರೆ ಅವರಿಗೆ ನಾಲ್ಕು ಕಾಸು ಬರುತ್ತದೆ. ಅವರು ಮಾರಾಟ ಯಾಕೆ ನಿಲ್ಲಿಸುತ್ತಾರೆ?

ಗಿರಣಿ ಪಕ್ಕದವಳು:
ಉಯಿಲಿನ ವಿಷಯ ತಿಳಿಯಲು ಕಚೇರಿ ಯಾಕೆ ಬೇಕು? ಮಧ್ಯಾಹ್ನ ಜಗಲಿಯಲ್ಲಿ ಕೂತರೆ ಸಾಕು. ಹಪ್ಪಳದ ಅಜ್ಜಿ ಪ್ರತಿ ಮನೆಯ ಅಟ್ಟ, ಹಿತ್ತಲು ಎಲ್ಲ ಕಂಡವಳು, ಹೆರಿಗೆಗೂ ಬಂದವಳು, ಹೆಣ ಎತ್ತುವಾಗಲೂ ನಿಂತವಳು. ಅವಳ ಮುಂದೆ ಯಾರೂ ದನಿ ತಗ್ಗಿಸುವುದಿಲ್ಲ. ಅವಳೇ.

ಹಾಸನದವನು:
ಅಜ್ಜಿಯಾ? ವಯಸ್ಸಾದ ಹೆಂಗಸು ಗಂಡಸನ್ನು ಹೇಗೆ ಕೊಲ್ಲುತ್ತಾಳೆ? ವಿಷ ಅನ್ನಬೇಡಿ, ಬೇಜಾರಾಗಿದೆ.

ಅಂದ ಹಾಗೆ ಈ ಕಥೆ ಹಾಸನದಲ್ಲಿ ಇಡಿ. ಹಾಸನಾಂಬೆ ಬಾಗಿಲು ವರ್ಷಕ್ಕೆ ಒಮ್ಮೆ, ದೀಪಾವಳಿ ಹೊತ್ತಿಗೆ ತೆಗೆಯುತ್ತಾರೆ. ಊರು ತುಂಬ ಜನ, ಲಾಡ್ಜು ಸಿಗಲ್ಲ, ಹಳೇ ಮನೆಯವರು ಕೋಣೆ ಬಾಡಿಗೆಗೆ ಬಿಡುತ್ತಾರೆ. ಆ ಗದ್ದಲದಲ್ಲಿ ಒಂದು ಕೊಲೆ. ಕಟ್ಟಿನಕೆರೆ ಮಾರ್ಕೆಟ್ ಹತ್ತಿರದ ಬೀದಿ. ಚಿಕ್ಕಮಗಳೂರಿಗಿಂತ ಚೆನ್ನಾಗಿರುತ್ತದೆ.

ರತ್ನಗಿರಿ ಬೋರೆ:
ಹಾಸನಕ್ಕೆ ರೈಲು ಇದೆ, ಇಸ್ರೋ ಕೇಂದ್ರ 1982ರಿಂದ ಇದೆ, ಎಲ್ಲ ಇದೆ. ಒಂದು ಕಾದಂಬರಿ ನಮಗೆ ಬಿಡಿ ಸ್ವಾಮಿ. ನಮ್ಮ ಚಿಕ್ಕಮಗಳೂರಿಗೆ ರೈಲು ಬಂದದ್ದೇ 2013ರಲ್ಲಿ.

ಹಾಸನದವನು:
ರೈಲು ಬರದಿದ್ದರೂ ಟೂರಿಸ್ಟ್ ಬಂದರಲ್ಲ. ನಮ್ಮಲ್ಲಿ ಇಳಿದು ಕಾಫಿ ಕುಡಿದು ನಿಮ್ಮೂರಿಗೆ ಬರುತ್ತಾರೆ.

ರತ್ನಗಿರಿ ಬೋರೆ:
ಕಾಫಿ ಕುಡಿಯಲು ಅಲ್ಲಿ ಯಾಕೆ ಇಳಿಯಬೇಕು? ಅರ್ಧ ಚಿಕೋರಿ ಕುಡಿಸುತ್ತೀರಿ.

ಕಾಫಿಕಣ:
ಚಿಕೋರಿ ಬೈಯಬೇಡಿ. ಹಳೇ ಮನೆಗಳ ಕಾಫಿಗೆ ಸ್ವಲ್ಪ ಚಿಕೋರಿ ಇದ್ದೇ ಇರುತ್ತಿತ್ತು, ಡಿಕಾಕ್ಷನ್ ದಪ್ಪ ಬರುತ್ತದೆ. ನನ್ನ ಕೆಫೆಯಲ್ಲಿ ಶುದ್ಧ ಅರೇಬಿಕಾ ಕೊಟ್ಟರೆ ಬೀದಿಯ ಹಿರಿಯರು "ನೀರಾಗಿದೆ" ಅನ್ನುತ್ತಾರೆ. ಅವರಿಗೆ ಬೇರೆ ಪುಡಿ ಇಟ್ಟಿದ್ದೇನೆ.

ಹಂಚಿನಮನೆ:
@ಕಾಫಿಕಣ ಇದನ್ನು ಕಥೆಗೆ ತಗೊಳ್ಳುತ್ತೇನೆ, ಕೇಳಬೇಡಿ ಆಮೇಲೆ. ಕೆಫೆಯವನು ಬೀದಿಯವರಿಗೆ ಅಂತ ಚಿಕೋರಿ ಪುಡಿ ಮರೆಯಲ್ಲಿ ಇಟ್ಟಿರುತ್ತಾನೆ, ಮೀಟರ್ ಹೆಂಗಸಿಗೆ ಆ ಡಬ್ಬಿಯ ಮೇಲೆ ಅನುಮಾನ ಬರುತ್ತದೆ. ಹಾಸನದವರೇ, ಊರು ಬದಲಾಯಿಸುವುದಿಲ್ಲ, ಕ್ಷಮಿಸಿ.

ರಾತ್ರಿಪಾಳಿ:
ನಾನು ನರ್ಸ್. ವಿಷದ ಬಗ್ಗೆ ಒಂದು ಮಾತು. ತೋಟದ ಜಿಲ್ಲೆ ಅಂತ ಎಲ್ಲರೂ ಕಾಫಿಗೆ ಕೀಟನಾಶಕ ಹಾಕಿ ಕೊಂದರು ಅಂತ ಬರೆಯುತ್ತಾರೆ. ಅದರ ವಾಸನೆಗೆ ಲೋಟ ಬಾಯಿ ಹತ್ತಿರ ಬರುವುದಿಲ್ಲ. ನಮ್ಮ ಕಡೆ ಕ್ಯಾಶುವಾಲ್ಟಿಯಲ್ಲಿ ಕೆಲಸ ಮಾಡಿದವರು ಕಣ್ಣಿನ ಪಾಪೆ, ಬಾಯಿಯ ನೊರೆ ನೋಡಿಯೇ ಗುರುತು ಹಿಡಿಯುತ್ತಾರೆ. ಜೊತೆಗೆ, ಅದರಿಂದ ಎಷ್ಟು ಮನೆಗಳು ಹಾಳಾಗಿವೆ ಅಂತ ನೋಡಿದವಳಿಗೆ ಅದು ನಗುವ ಪುಸ್ತಕದಲ್ಲಿ ಬರಬಾರದು ಅನ್ನಿಸುತ್ತದೆ. ಬೇರೆ ದಾರಿ ಹುಡುಕಿ.

ಗಿರಣಿ ಪಕ್ಕದವಳು:
ಅಜ್ಜಿಗೆ ಶಕ್ತಿ ಎಲ್ಲಿ ಅಂದಿರಾ? ಉದ್ದಿನ ಹಪ್ಪಳದ ಹಿಟ್ಟು ಕುಟ್ಟಿದ್ದೀರಾ ಯಾವತ್ತಾದರೂ? ಗಟ್ಟಿ ಹಿಟ್ಟು, ಎಣ್ಣೆ ಸವರಿಕೊಂಡು ಒನಕೆಯಲ್ಲಿ ಕುಟ್ಟುತ್ತಲೇ ಇರಬೇಕು, ಮೆತ್ತಗಾಗಿ ಎಳೆದರೆ ಹಿಗ್ಗುವ ತನಕ. ನಲವತ್ತು ವರ್ಷ ಅದೇ ಕೆಲಸ ಮಾಡಿದವಳ ರಟ್ಟೆ ಜಿಮ್ಮಿಗೆ ಹೋಗುವ ಹುಡುಗರಿಗೂ ಇರುವುದಿಲ್ಲ.

ಪತ್ತೇದಾರಿ ಪ್ರಿಯ:
ಒನಕೆ!!! ಕೆಫೆ ಗೋಡೆಯ ಮೇಲೆ ಒನಕೆ ಇದೆ ಅಂತ ಮೊದಲ ಪೋಸ್ಟಲ್ಲೇ ಬರೆದಿದ್ದೀರಿ. ಅಜ್ಜಿ ಕೆಲಸ ಮುಗಿಸಿ ಒನಕೆ ತೊಳೆದು ಅದನ್ನೇ ಕೆಫೆಯವನಿಗೆ ಹಳೇ ವಸ್ತು ಅಂತ ಮಾರುತ್ತಾಳೆ. ಅವನು ದೀಪ ಬಿಟ್ಟು ಗೋಡೆಗೆ ತೂಗುಹಾಕುತ್ತಾನೆ. ಪೊಲೀಸರು ಅದರ ಕೆಳಗೆ ಕೂತು ಕಾಫಿ ಕುಡಿದು ಆಯುಧ ಸಿಕ್ಕಿಲ್ಲ ಅಂತ ಮಾತಾಡುತ್ತಾರೆ. ವಾರಾಂತ್ಯಕ್ಕೆ ಬಂದವರು ಅದರ ಪಕ್ಕ ನಿಂತು ಸೆಲ್ಫಿ ತೆಗೆಯುತ್ತಾರೆ.

ರಾತ್ರಿಪಾಳಿ:
ಅದಕ್ಕೆ ಒಂದು ಗುರುತೂ ಇದೆ. ಭತ್ತ ಕುಟ್ಟುವ ಒನಕೆ ತುದಿಗೆ ಕಬ್ಬಿಣದ ಬಳೆ ಇರುತ್ತದೆ. ಹಪ್ಪಳದ ಒನಕೆಗೆ ಅದು ಇರಬೇಕಾಗಿಲ್ಲ, ತುದಿ ನುಣ್ಣಗಿರುತ್ತದೆ, ಎಣ್ಣೆ ಕುಡಿದು ಕಪ್ಪಾಗಿರುತ್ತದೆ. ಮೊಂಡು ಆಯುಧದ ಪೆಟ್ಟಿಗೂ ಲೋಹದ ಅಂಚು ತಾಗಿದ ಪೆಟ್ಟಿಗೂ ಚರ್ಮದ ಮೇಲೆ ವ್ಯತ್ಯಾಸ ಕಾಣುತ್ತದೆ. ಪೋಸ್ಟ್ ಮಾರ್ಟಮ್ ವರದಿಯಲ್ಲಿ ಆ ಮಾತು ಬಂದರೆ ಸಾಕು, ಕೆಫೆಯ ಗೋಡೆಯಲ್ಲಿ ಬಳೆ ಇಲ್ಲದ ಒನಕೆ ಒಂದೇ ಇರಲಿ.

ಹಳೇ ಖಾಕಿ:
ಇಲಾಖೆಯಲ್ಲಿ ಇದ್ದವನು, ಈಗ ನಿವೃತ್ತಿ. ಪೊಲೀಸ್ ಭಾಗ ಹೇಳುತ್ತೇನೆ. ಮನೆಯಲ್ಲಿ ಸಾವು, ಕಾರಣ ಗೊತ್ತಿಲ್ಲ ಅಂದರೆ ಮೊದಲು ಯುಡಿಆರ್, ಅಂದರೆ ಅಸ್ವಾಭಾವಿಕ ಸಾವು ಅಂತ ದಾಖಲು. ಮುಂಚೆ ಅಪರಾಧ ವಿಚಾರಣೆಯ ಕಾನೂನು ಸಿಆರ್‌ಪಿಸಿಯ ಸೆಕ್ಷನ್ 174, ಈಗ ಅದರ ಬದಲು ಬಂದ ಬಿಎನ್‌ಎಸ್‌ಎಸ್‌ನ 194. ಶವ ಮಹಜರು ಆಗಬೇಕು, ಆಮೇಲೆ ಪೋಸ್ಟ್ ಮಾರ್ಟಮ್. ಕೊಲೆ ಅಂತ ಗೊತ್ತಾದ ಮೇಲೆ ಎಫ್‌ಐಆರ್. 2024 ಜುಲೈ 1ರಿಂದ ಆದ ಅಪರಾಧಕ್ಕೆ ಐಪಿಸಿ ಬದಲು ಬಂದ ಬಿಎನ್‌ಎಸ್‌ನ ಸೆಕ್ಷನ್ 103. ಎಷ್ಟೋ ಹೊಸ ಕಥೆಗಳಲ್ಲಿ ಇನ್ನೂ ಐಪಿಸಿ 302 ಅಂತ ಬರೆಯುತ್ತಾರೆ, ಅದು ಹಳೇ ಕೊಲೆಗೆ ಮಾತ್ರ.

ನಗು ಬೇಕಾದರೆ ಮಹಜರಿನಲ್ಲೇ ಇದೆ. ಪಂಚರಾಗಿ, ಅಂದರೆ ಸಾಕ್ಷಿಗಳಾಗಿ, ಸಹಿ ಹಾಕಿ ಅಂದರೆ ಬೀದಿ ಖಾಲಿ ಆಗುತ್ತದೆ. ಒಬ್ಬನಿಗೆ ಹಲ್ಲು ನೋವು, ಒಬ್ಬನಿಗೆ ನೆಂಟರು ಬಂದಿರುತ್ತಾರೆ. ಮುಂದೆ ಕೋರ್ಟಿಗೆ ಅಲೆಯಬೇಕಲ್ಲ ಅನ್ನುವ ಭಯ. ಅಲ್ಲಿ ತನಕ ಕಿಟಕಿಯಲ್ಲಿ ಅರ್ಧ ಊರು ಇಣುಕುತ್ತಿರುತ್ತದೆ. ಈಗ ಮನೆ ಶೋಧ ಮಾಡಿದರೆ ಬಿಎನ್‌ಎಸ್‌ಎಸ್ 105ರ ಪ್ರಕಾರ ವಿಡಿಯೊ ಮಾಡಬೇಕು. ಮೊಬೈಲ್ ಎತ್ತಿದ ಕೂಡಲೇ ಮನೆಯ ಹೆಂಗಸರು "ತಡೀರಿ, ಮನೆ ಹರಡಿದೆ" ಅಂತ ಎಲ್ಲ ಜೋಡಿಸಿಬಿಡುತ್ತಾರೆ. ಸಾಕ್ಷಿ ಹೋಯಿತು.

ಗಿರಣಿ ಪಕ್ಕದವಳು:
ಹೌದು! ಸಾವಿನ ಮನೆಯಲ್ಲಿ ಒಲೆ ಹಚ್ಚುವುದಿಲ್ಲ, ಬೀದಿಯವರೇ ಅಡಿಗೆ ತರುತ್ತಾರೆ. ಪಾತ್ರೆ ಯಾರದ್ದು ಅಂತ ಗೊತ್ತಾಗದೆ ಎಲ್ಲ ತೊಳೆದು ಇಟ್ಟುಬಿಡುತ್ತಾರೆ. ಸತ್ತವರು ಕೊನೆಗೆ ಕುಡಿದ ಲೋಟ ಯಾವುದು ಅಂತ ಪೊಲೀಸರು ಕೇಳಿದರೆ ಏಳು ಮನೆಯ ಲೋಟ ಹೊರಗೆ ಬರುತ್ತದೆ. ಮೂರು ಜನ "ಈ ಲೋಟ ನಂದು, ಹೋದ ಸಲದ ಸಾವಿನಿಂದ ಹುಡುಕುತ್ತಿದ್ದೆ" ಅನ್ನುತ್ತಾರೆ.

ಹೊಸಬಡಾವಣೆ:
ಎಲ್ಲ ಓದಿದೆ. ಚೆನ್ನಾಗಿದೆ. ಆದರೆ ನನಗೆ ಒಂದು ವಿಷಯ ಕುಟುಕುತ್ತಿದೆ.

ನಮ್ಮದು ಬಾಡಿಗೆ ಮನೆ. ಅಪ್ಪ ಮದುವೆಯಾಗಿ ಬಂದ ಮನೆ ಅದೇ. ಮಾಲೀಕರ ಮಕ್ಕಳು ಮಾರಿದರು. ಮಾಲೀಕರಿಗೆ ದುಡ್ಡು ಬಂತು, ಕೊಂಡವರಿಗೆ ಮನೆ ಬಂತು. ನಮಗೆ ಅಡ್ವಾನ್ಸ್ ವಾಪಸ್ ಬಂತು, ಅದೂ ಎಷ್ಟೋ ವರ್ಷದ ಹಿಂದಿನ ಅಡ್ವಾನ್ಸ್, ಈಗಿನ ಒಂದು ತಿಂಗಳ ಬಾಡಿಗೆಗೂ ಸಾಲದು. ಈಗ ಬಡಾವಣೆಯಲ್ಲಿದ್ದೇವೆ. ಮನೆ ಹಳೆಯದಕ್ಕಿಂತ ಚೆನ್ನಾಗಿದೆ, ಟೈಲ್ಸ್ ಇದೆ, ನೀರು ಬರುತ್ತದೆ. ಆದರೆ ಅಮ್ಮ ಸಂಜೆ ಹೊರಗೆ ಬಂದು ನಿಂತರೆ ಮಾತಾಡಿಸಲು ಒಬ್ಬರಿಲ್ಲ. ಔಷಧಿಗೆ, ತರಕಾರಿಗೆ, ದೇವಸ್ಥಾನಕ್ಕೆ ಎಲ್ಲದಕ್ಕೂ ಆಟೊ. ಮೊದಲು ಮಾತ್ರೆ ಮರೆತರೆ ಎದುರು ಮನೆಯವರು ನೆನಪಿಸುತ್ತಿದ್ದರು.

ನೀವೆಲ್ಲ ಮಾರಿದವರು, ಕೊಂಡವರು ಅಂತ ಮಾತಾಡುತ್ತಿದ್ದೀರಿ. ಬಾಡಿಗೆಯವರು ಎಲ್ಲಿ ಈ ಕಥೆಯಲ್ಲಿ? ಇದ್ದ ಒಬ್ಬ ಬಡ ಅಜ್ಜಿಯನ್ನೂ ಕೊಲೆಗಾರ್ತಿ ಮಾಡಿದಿರಿ.

ಬೇಲೂರು ರಸ್ತೆ:
ಇದನ್ನೇ ನಾನು ಕೇಳಿದ್ದು. ಉತ್ತರ ಬರಲಿಲ್ಲ.

ಓದುಕೋಣೆ:
ಹೊಸಬಡಾವಣೆ ಹೇಳಿದ್ದು ಇಡೀ ವಿಷಯದ ಗುಂಡಿಗೆ. 1964ರಲ್ಲಿ ಲಂಡನ್ನಿನ ಬಗ್ಗೆ ರೂತ್ ಗ್ಲಾಸ್ ಎಂಬ ಸಮಾಜಶಾಸ್ತ್ರಜ್ಞೆ ಬರೆದದ್ದೂ ಇದೇ. ಅಲ್ಲಿಯ ಕೂಲಿಕಾರರ ಬೀದಿಗಳಿಗೆ ಮಧ್ಯಮವರ್ಗದವರು ಬಂದು ಸಣ್ಣ ಹಳೇ ಮನೆಗಳನ್ನು ಚಂದ ಮಾಡಿಕೊಂಡರು. ಒಮ್ಮೆ ಶುರುವಾದರೆ ಮೂಲದವರು ಬಹುತೇಕ ಹೊರಗೆ ಹೋಗುವ ತನಕ ಅದು ನಿಲ್ಲುವುದಿಲ್ಲ ಅಂದರು. ಅಲ್ಲಿಯೂ ಮೊದಲು ಹೋದವರು ಬಾಡಿಗೆಯವರೇ. ನಮ್ಮಲ್ಲಿ ವ್ಯತ್ಯಾಸ ಏನೆಂದರೆ ವಾರಾಂತ್ಯದ ಜನ ವಾಸಕ್ಕೆ ಬರುವುದಿಲ್ಲ, ಎರಡು ರಾತ್ರಿ ಇದ್ದು ಹೋಗುತ್ತಾರೆ. ಬೀದಿಯಲ್ಲಿ ಮನೆಗಳು ಇರುತ್ತವೆ, ಸೋಮವಾರ ದೀಪ ಹಚ್ಚುವವರು ಇರುವುದಿಲ್ಲ.

ಹಂಚಿನಮನೆ:
@ಹೊಸಬಡಾವಣೆ, ನಿಮ್ಮ ಮಾತು ಬರೆದಿಟ್ಟುಕೊಂಡೆ. ಅಜ್ಜಿಯನ್ನು ಹೆಡ್ ಮೇಷ್ಟ್ರ ಮನೆಯ ಹಿಂದಿನ ಕೋಣೆಯ ಬಾಡಿಗೆಯವಳಾಗಿ ಮಾಡುತ್ತೇನೆ. ಅವಳು ಬಡವಳು ಅಂತ ಕೊಲೆ ಮಾಡುವುದಿಲ್ಲ. ಬೀದಿಯಲ್ಲಿ ಎಲ್ಲರೂ ಅವಳ ಮುಂದೆ ಎಲ್ಲ ಮಾತಾಡಿದರು, "ನೀನು ಎಲ್ಲಿಗೆ ಹೋಗುತ್ತೀಯ" ಅಂತ ಒಬ್ಬರೂ ಕೇಳಲಿಲ್ಲ. ಅವಳು ಬುದ್ಧಿವಂತೆ, ಬೀದಿಯ ಎಲ್ಲರಿಗಿಂತ. ಕೊಲೆಗಾರ್ತಿ ಆದರೂ ಪುಸ್ತಕದ ಅತ್ಯಂತ ದೊಡ್ಡ ಪಾತ್ರ ಅವಳೇ ಆಗಬೇಕು.

ಹೊಸಬಡಾವಣೆ:
ಹಾಗಾದರೆ ಸರಿ. ಆದರೆ ಅವಳನ್ನು ಹುಚ್ಚಿ ಅಂತ ಮಾತ್ರ ಮಾಡಬೇಡಿ. ಕೊನೆಗೆ ಎಲ್ಲ ಕಥೆಯಲ್ಲೂ ಹಾಗೇ ಮಾಡುತ್ತಾರೆ.

ಹಂಚಿನಮನೆ:
ಖಂಡಿತ ಇಲ್ಲ.

ವಕೀಲರ ಮೇಜು:
ಅಜ್ಜಿ ಬಾಡಿಗೆಯವಳಾದರೆ ಲೆಕ್ಕ ಇನ್ನೂ ಗಟ್ಟಿ. ಮೇಷ್ಟ್ರು ಸತ್ತರೂ ಬಾಡಿಗೆ ಮುಗಿಯುವುದಿಲ್ಲ, ವಾರಸುದಾರರೇ ಮಾಲೀಕರು. ಒಬ್ಬ ವಾರಸುದಾರನೂ ಖಾಲಿ ಮಾಡಿಸುವ ದಾವೆ ಹಾಕಬಹುದು, ಆದರೆ ಬೇರೆಯವರು ಬೇಡ ಅಂದರೆ ಎಳೆದಾಡುತ್ತದೆ. ಬಾಡಿಗೆ ಯಾರ ಕೈಗೆ ಕೊಡಬೇಕು ಅಂತ ಮಕ್ಕಳೇ ಜಗಳ ಆಡುತ್ತಾರೆ. ಅಜ್ಜಿ ಪ್ರತಿ ತಿಂಗಳು ಎಲ್ಲರಿಗೂ ಹಪ್ಪಳ ಕೊಟ್ಟು ಕಳಿಸಲಿ.

ಮೀಟರ್ ಗೊತ್ತು:
ಪತ್ತೆದಾರಿಣಿ ಮೀಟರ್ ಓದುವವಳು ಅಂದಿರಿ, ಅದು ತುಂಬಾ ಒಳ್ಳೆಯ ಆಯ್ಕೆ. ಕೆಲವು ವಿಷಯ ಹೇಳುತ್ತೇನೆ, ಉಪಯೋಗ ಆಗಬಹುದು. ಕರೆಂಟ್ ಕಂಪನಿ ಚಿಕ್ಕಮಗಳೂರಿಗೆ ಮೆಸ್ಕಾಂ, ಹಾಸನಕ್ಕೆ ಸೆಸ್ಕ್, ಇದನ್ನು ತಪ್ಪಿಸಬೇಡಿ. 2023ರಿಂದ ಗೃಹಜ್ಯೋತಿ ಇದೆ. ಮನೆಯ ಹಿಂದಿನ ಸರಾಸರಿ ಬಳಕೆಗೆ ಸ್ವಲ್ಪ ಸೇರಿಸಿ ಅಷ್ಟು ಯುನಿಟ್ ಉಚಿತ, 200 ದಾಟಬಾರದು. ಇದು ಮನೆ ಬಳಕೆಗೆ ಮಾತ್ರ. ಅಂದರೆ ಮನೆ ಅಂತ ಹೇಳಿ ಒಳಗೆ ಹೋಮ್‌ಸ್ಟೇ ನಡೆಸುವವರು ಯಾರು ಅಂತ ಮೊದಲು ಗೊತ್ತಾಗುವುದು ಮೀಟರ್ ಓದುವವರಿಗೆ. ಒಬ್ಬಳೇ ವಿಧವೆ ಇರುವ ಮನೆಯಲ್ಲಿ ಗೀಸರ್ ನಾಲ್ಕು ಓಡಿದ ಹಾಗೆ ಯುನಿಟ್ ಬಂದರೆ ಅಲ್ಲಿ ಏನೋ ಇದೆ.

ಇನ್ನೊಂದು, ಕರೆಂಟ್ ಹೋಗಿದ್ದ ಹೊತ್ತು. ಜುಲೈ ಮಳೆಗೆ ಮರ ಬಿದ್ದು ಲೈನ್ ಹೋಗುವುದು ನಮ್ಮಲ್ಲಿ ಮಾಮೂಲು. ಯಾರಾದರೂ "ಆ ಹೊತ್ತಲ್ಲಿ ಮಿಕ್ಸಿ ಓಡಿಸುತ್ತಿದ್ದೆ, ಕೂಗು ಕೇಳಲಿಲ್ಲ" ಅಂದರೆ ಅವಳಿಗೆ ಕೂಡಲೇ ಸುಳ್ಳು ಅಂತ ಗೊತ್ತಾಗುತ್ತದೆ. ಆ ಸುಳ್ಳು ಕೊಲೆಯನ್ನು ಮುಚ್ಚಲು ಅಲ್ಲ, ಅಂಗಡಿಯಿಂದ ಚಟ್ನಿಪುಡಿ ತಂದು ಮನೆಯದ್ದು ಅಂತ ಅತಿಥಿಗಳಿಗೆ ಮಾರುತ್ತಿದ್ದದ್ದನ್ನು ಮುಚ್ಚಲು ಅಂತ ಆದರೆ ನಗುವೂ ಬರುತ್ತದೆ.

ಪತ್ತೇದಾರಿ ಪ್ರಿಯ:
ಇದು ಇದು! ಪ್ರತಿಯೊಬ್ಬರೂ ಸುಳ್ಳು ಹೇಳುತ್ತಾರೆ, ಕೊಲೆಗೆ ಅಲ್ಲ, ಮರ್ಯಾದೆಗೆ. ನಗು ಅಲ್ಲಿಂದಲೇ ಬರಬೇಕು. ಹೆಣದ ಮೇಲೆ ನಗಬೇಡಿ, ಸತ್ತವರ ಬಡತನದ ಮೇಲೆ ನಗಬೇಡಿ. ಬದುಕಿರುವವರ ಮುಚ್ಚುಮರೆ ಸಾಕಷ್ಟಿದೆ.

ಕಾಫಿಕಣ:
ದಾರಿ ತಪ್ಪಿಸಲು ಒಂದು ಹಳೇ ಗುಟ್ಟು ಬೇಕಾ? ಮುಂಚೆ ಬೆಳೆಗಾರರು ಕಾಫಿಯನ್ನು ಕಾಫಿ ಬೋರ್ಡಿನ ಪೂಲ್‌ಗೇ, ಅಂದರೆ ಎಲ್ಲರ ಕಾಫಿ ಒಟ್ಟು ಮಾಡಿ ಬೋರ್ಡೇ ಮಾರುವ ವ್ಯವಸ್ಥೆಗೇ, ಕೊಡಬೇಕಿತ್ತು, ಹೊರಗೆ ಮಾರುವ ಹಾಗಿರಲಿಲ್ಲ. ತೊಂಬತ್ತರ ದಶಕದ ಮೊದಲಲ್ಲಿ ಸ್ವಲ್ಪ ಸ್ವಲ್ಪವೇ ಸಡಿಲ ಮಾಡಿ 1996ಕ್ಕೆ ಪೂರ್ತಿ ಬಿಟ್ಟರು. ಪೂಲ್ ಕಾಲದಲ್ಲಿ ರಾತ್ರಿ ಮೂಟೆ ಸಾಗಿಸಿದ ಕಥೆ ನಮ್ಮ ಹಿರಿಯರೆಲ್ಲ ಹೇಳುತ್ತಿದ್ದರು. ಮೇಷ್ಟ್ರ ಅಟ್ಟದಲ್ಲಿ ಹಳೇ ಗೋಣಿಚೀಲ, ಒಂದು ಲೆಕ್ಕದ ಪುಸ್ತಕ ಸಿಗಲಿ. ಪೊಲೀಸರು ಅದೇ ಕಾರಣ ಅಂದುಕೊಂಡು ಮೂರು ಅಧ್ಯಾಯ ಓಡಲಿ.

ಬೇಲೂರು ರಸ್ತೆ:
@ಕಾಫಿಕಣ ಇದು ಒಳ್ಳೆಯದಿದೆ. ನಮ್ಮಜ್ಜನೂ ಹೇಳುತ್ತಿದ್ದರು, ಬೆಡ್‌ಶೀಟ್ ಕೆಳಗೆ ಚೆರ್ರಿ ಕಾಫಿ ಹರಡಿ ಮಗುವನ್ನು ಮಲಗಿಸಿ ಗಾಡಿಯಲ್ಲಿ ತಂದರಂತೆ.

ಕಾಫಿಕಣ:
@ಬೇಲೂರು ರಸ್ತೆ ನೀವು ಕೇಳಿದ್ದಕ್ಕೆ ಉತ್ತರ: ಅವರಿಗೆ ಸಿಕ್ಕಿದ್ದು ಹೊರಗಿನ ಬಡಾವಣೆಯಲ್ಲಿ. ಪೇಟೆಯಲ್ಲಿ ಅವರ ಕೈಗೆ ಎಟುಕುವ ಮನೆ ಸಿಗಲಿಲ್ಲ.

ಸಕಲೇಶಪುರದವಳು:
ಬ್ರೋಕರ್‌ನನ್ನು ಕೊಲ್ಲಬೇಡಿ. ಓದುವವರೆಲ್ಲ ಅವನು ಸಾಯಲಿ ಅಂತಲೇ ಕಾಯುತ್ತಿರುತ್ತಾರೆ. ಬದುಕಿಸಿ. ಎಲ್ಲ ಮನೆ ಕೋರ್ಟಿಗೆ ಹೋಗಿ ಅವನ ಕಮಿಷನ್ ಎಲ್ಲ ಮುಳುಗಿ, ಮದುವೆಯಾದ ಮಗನಿಗೆ ಅದೇ ಪೇಟೆಯಲ್ಲಿ ಬಾಡಿಗೆ ಮನೆ ಸಿಗದೆ ಅಲೆಯಲಿ.

ಹಾಸನದವನು:
ಮೂರನೇ ಸಾವು ಇಲ್ಲದಿದ್ದರೆ ಪುಸ್ತಕದ ಹೆಸರು?

ಹಂಚಿನಮನೆ:
ಮೂರನೇ ಸಾವು ಇರುತ್ತದೆ, ಆದರೆ ಕೊಲೆ ಅಲ್ಲ. ಬೀದಿಯ ಅತ್ಯಂತ ಹಿರಿಯರೊಬ್ಬರು ತೊಂಬತ್ತು ದಾಟಿ ನಿದ್ದೆಯಲ್ಲೇ ಹೋಗುತ್ತಾರೆ. ಬೀದಿಯವರು ಯಾರೂ ನಂಬುವುದಿಲ್ಲ. ಎಲ್ಲರೂ ಎಲ್ಲರ ಮೇಲೆ ಅನುಮಾನ ಪಡುತ್ತಾರೆ, ಹಪ್ಪಳದ ಅಜ್ಜಿ ಒಬ್ಬಳೇ ನಿಜವಾಗಿ ಅಳುತ್ತಾಳೆ. ಅಲ್ಲೇ ಮೀಟರ್ ಹೆಂಗಸಿಗೆ ಹೊಳೆಯುತ್ತದೆ: ಮೊದಲ ಎರಡು ಸಾವಿಗೆ ಈ ಅಜ್ಜಿ ಅಡಿಗೆ ತಂದಳು, ಪಾತ್ರೆ ತೊಳೆದಳು, ಅಳಲಿಲ್ಲ.

ಗಿರಣಿ ಪಕ್ಕದವಳು:
ಇದನ್ನು ಇಲ್ಲಿ ಹೇಳಬಾರದಿತ್ತು! ಪುಸ್ತಕ ಕೊಂಡು ಓದುವವರಿಗೆ ಏನು ಉಳಿಯಿತು?

ಪತ್ತೇದಾರಿ ಪ್ರಿಯ:
ಅಜ್ಜಿ ಯಾಕೆ ಮೀಟರ್ ಹೆಂಗಸಿಗೆ ಸಿಕ್ಕಿಬೀಳುತ್ತಾಳೆ ಅನ್ನುವುದು ಇನ್ನೂ ಉಳಿದಿದೆ. ಮತ್ತೆ ಮೀಟರ್ ಹೆಂಗಸು ಅಜ್ಜಿಯನ್ನು ಪೊಲೀಸರಿಗೆ ಕೊಡುತ್ತಾಳಾ ಅನ್ನುವುದು.

ಹಳೇ ಖಾಕಿ:
ಕೊಡಲೇಬೇಕು. ಎರಡು ಜೀವ ಹೋಗಿದೆ. ಗಿರಣಿ ಯಜಮಾನನಿಗೂ ಮಕ್ಕಳಿರುತ್ತಾರೆ.

ಹೊಸಬಡಾವಣೆ:
ಕೊಡಲಿ. ಆದರೆ ಅಜ್ಜಿ ಜೈಲಿಗೆ ಹೋದ ಮೇಲೆ ಅವಳ ಕೋಣೆಯ ಬೀಗ ಯಾರ ಕೈಗೆ ಹೋಯಿತು ಅಂತ ಬರೆಯಿರಿ. ಅದನ್ನು ಬಿಡಬೇಡಿ.

ಹಂಚಿನಮನೆ:
ಬರೆಯುತ್ತೇನೆ. ಹಳೇ ಖಾಕಿ ಸರ್, ಒಂದೇ ಒಂದು ಉಳಿದಿದೆ. ಕೆಫೆ ಗೋಡೆಯ ಒನಕೆಯನ್ನು ಜಪ್ತಿ ಮಾಡುವಾಗ ಹೇಗೆ ಮಾಡುತ್ತಾರೆ? ಪೇಪರಿನಲ್ಲಿ ಸುತ್ತುತ್ತಾರಾ?

ಹಳೇ ಖಾಕಿ:
ಪಂಚರ ಮುಂದೆ ಇಳಿಸಿ, ವಿಡಿಯೊ ಮಾಡಿ, ಉದ್ದ ದಪ್ಪ ಅಳೆದು ಬರೆದು, ಬಟ್ಟೆಯಲ್ಲಿ ಸುತ್ತಿ ಹೊಲಿದು ಅರಗಿನ ಮುದ್ರೆ ಹಾಕುತ್ತಾರೆ. ಪಂಚರ ಸಹಿಯ ಚೀಟಿ ಅಂಟಿಸಿ ಎಫ್‌ಎಸ್‌ಎಲ್‌ಗೆ, ಅಂದರೆ ವಿಧಿವಿಜ್ಞಾನ ಪ್ರಯೋಗಾಲಯಕ್ಕೆ, ಕಳಿಸುತ್ತಾರೆ. ಬಟ್ಟೆ ಹೊಲಿಯಲು ನಿಮ್ಮ ಬೀದಿಯ ಟೈಲರ್‌ನನ್ನೇ ಕರೆಸಿ, ಅವನಿಗೂ ಒಂದು ಕೆಲಸ ಬೇಕಲ್ಲ.